ಗೇಮಿನಂಗಡಿಯ ಹಲಗೆ

ಇವತ್ತು ಬೆಳಿಗ್ಗೆ ಅಡುಗೆಮನೆಯ ಮೇಜಿನ ಡ್ರಾಯರ್ ಎಳೆದರೆ ಹಿಡಿಕೆ ಕೈಗೇ ಬಂತು. ಕೆಂಪು ಪ್ಲಾಸ್ಟಿಕ್ಕಿನ ಗುಂಡು ಅದು, ದೊಡ್ಡ ನೆಲ್ಲಿಕಾಯಿಯಷ್ಟು. ಒಂದು ಬದಿಯ ಬಣ್ಣ ಹೋಗಿ ಬೆಳ್ಳಗಾಗಿದೆ. ಎಷ್ಟೋ ಜನರ ಅಂಗೈ ಅದರ ಮೇಲೆ ತಿರುಗಿದೆ. ಅದನ್ನು ಡ್ರಾಯರಿಗೆಂದು ಮಾಡಿದ್ದಲ್ಲ. ವಿಡಿಯೋ ಗೇಮಿನ ಪೆಟ್ಟಿಗೆಯಲ್ಲಿ, ಆಡುವವರು ಹಿಡಿದು ತಿರುಗಿಸುವ ಸರಳಿನ ತುದಿಯಲ್ಲಿ ಇದ್ದದ್ದು.

"ಬಿಸಾಡು ಅಜ್ಜಿ, ಹೊಸತು ತರುವಾ" ಎಂದಳು ಮೊಮ್ಮಗಳು. ಹೊಸತು ತಂದರೆ ಡ್ರಾಯರಿಗೇನೂ ಬೇಜಾರಿಲ್ಲ. ಆದರೂ ನಾನು ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತೆ. ಮಂಡಿ ನೋಯುತ್ತಿತ್ತು, ಅದಕ್ಕೂ ಕೂತೆ ಅನ್ನಿ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಕಟ್ಟಿದ್ದು ಮಾತ್ರ ನಲವತ್ತು ವರ್ಷದ ಹೂವು. ಹೊನ್ನಾವರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಗೇಮಿನಂಗಡಿ ಇತ್ತು. ಅದರ ಮೆಟ್ಟಿಲು ನನ್ನ ಜಾಗ. ಬೆಳಗಿನ ಬಸ್ಸಿನಲ್ಲಿ ಭಟ್ಕಳದಿಂದ ಮಲ್ಲಿಗೆ ಮೊಗ್ಗು ಬರುತ್ತಿತ್ತು, ಮಧ್ಯಾಹ್ನದೊಳಗೆ ಬಾಳೆನಾರಿನಲ್ಲಿ ಕಟ್ಟಿ ಮಾರಿ ಮುಗಿಸುತ್ತಿದ್ದೆ. ಮತ್ತೆ ನಮ್ಮೂರಿಗೆ ಬಸ್ಸು ನಾಲ್ಕು ಗಂಟೆಗೆ. ಕೊಂಕಣ ರೈಲು ಓಡಲು ಶುರುವಾಗಿ ಒಂದೆರಡು ವರ್ಷ ಆಗಿತ್ತು ಆಗ.

ಗೇಮಿನಂಗಡಿಯವನು ನನಗಿಂತ ಎಂಟು ಹತ್ತು ವರ್ಷ ಚಿಕ್ಕವನು. ನನ್ನನ್ನು ಅಕ್ಕ ಎನ್ನುತ್ತಿದ್ದ, ನಾನು ತಮ್ಮ ಎನ್ನುತ್ತಿದ್ದೆ. ಪ್ರಾಯದಲ್ಲಿ ಕೋಳಿ ಅಂಕದಲ್ಲಿ ಜೋಡಿ ಹಾಕುತ್ತಿದ್ದವನಂತೆ. ಯಾವ ಹುಂಜಕ್ಕೆ ಯಾವ ಹುಂಜ ಎಂದು ಎರಡು ಕೈಯಲ್ಲಿ ಎತ್ತಿ, ತೂಕ ನೋಡಿ, ಕಾಲು ನೋಡಿ ಹೇಳುವ ಕೆಲಸ. ಒಂದು ಸಲ ಹುಂಜದ ಕಾಲಿಗೆ ಕಟ್ಟಿದ ಕತ್ತಿ ತಾಗಿ ಬಲಗೈಯ ಎರಡು ಬೆರಳಿನ ನರ ಹೋಯಿತು. ಆ ಬೆರಳು ಮತ್ತೆ ಮಡಚಲಿಲ್ಲ. ಅಂಕ ಬಿಟ್ಟ. ಎಲ್ಲಿಂದಲೋ ಹಳೆಯ ಗೇಮಿನ ಪೆಟ್ಟಿಗೆ ತಂದು ಅಂಗಡಿ ಇಟ್ಟ. ಕೋಳಿ ಬಿಟ್ಟು ಮನುಷ್ಯರನ್ನು ಹೊಡೆದಾಡಿಸಲು ಶುರು ಮಾಡಿದ ಎಂದು ನಾನು ತಮಾಷೆ ಮಾಡಿದ್ದುಂಟು.

ಆಟ ಇಷ್ಟೇ. ಇಬ್ಬರು ನಿಲ್ಲುವುದು, ಪರದೆಯ ಮೇಲೆ ಒಬ್ಬೊಬ್ಬ ಜಟ್ಟಿಯನ್ನು ಆರಿಸಿಕೊಳ್ಳುವುದು, ಒಬ್ಬ ಬೀಳುವ ತನಕ ಹೊಡೆಯುವುದು. ಜಟ್ಟಿಗಳು ಎಂಟು ಹತ್ತು ಜನ ಇದ್ದರು. ಆದರೆ ಬಂದವರೆಲ್ಲ ಒಬ್ಬನನ್ನೇ ಹಿಡಿಯುತ್ತಿದ್ದರು. ಅವನ ಕೈಯಲ್ಲಿ ಉದ್ದದ ದೊಣ್ಣೆ. ದೂರದಲ್ಲಿ ನಿಂತೇ ತಿವಿಯುತ್ತಿದ್ದ, ಎದುರಿನವನಿಗೆ ಹತ್ತಿರ ಬರಲಿಕ್ಕೇ ಆಗುತ್ತಿರಲಿಲ್ಲ. ಸಪೂರ ಹುಡುಗಿಯೊಬ್ಬಳಿದ್ದಳು, ಅವಳನ್ನು ಹಿಡಿದವನು ಎರಡು ನಿಮಿಷದಲ್ಲಿ ಮನೆಗೆ. ದಿನಾ ಜಗಳ, ಬೈಗುಳ. ಸೋತವರು ಬರುವುದನ್ನೇ ಬಿಟ್ಟರು.

"ಸಣ್ಣದು ಸೋಲ್ತದೆ, ದೊಡ್ಡದು ಗೆಲ್ತದೆ. ಅದಕ್ಕೆಂತ ಪಂಚಾಯ್ತಿ?" ಎಂದೆ ನಾನು ಹೊರಗಿನಿಂದ.

"ಹುಂಜ ಸಣ್ಣದಾದ್ರೆ ಹುಂಜದ ತಪ್ಪಲ್ಲ ಅಕ್ಕ" ಎಂದ. "ಜೋಡಿ ಹಾಕಿದವನ ತಪ್ಪು. ಹೂವು ಮುಗೀತಲ್ಲ, ಒಳಗೆ ಬಾ. ಸ್ವಲ್ಪ ಇದನ್ನ ಒತ್ತು."

"ನಂಗೆಂತಕ್ಕೆ? ನಂಗೆ ಇದೆಲ್ಲ ಬರೂದಿಲ್ಲ."

"ಬರದವರೇ ಬೇಕು. ಇವರಲ್ಲಿ ಒಬ್ಬಂಗೆ ದೊಣ್ಣೆಯವನ ಮೇಲೆ ಪ್ರೀತಿ, ಇನ್ನೊಬ್ಬಂಗೆ ಹುಡುಗಿ ಮೇಲೆ. ನಿಂಗೆ ಯಾರ ಮೇಲೂ ಪ್ರೀತಿ ಇಲ್ಲ ಅಲ್ದಾ?"

"ಮನೆಯಲ್ಲಿದ್ದವರ ಮೇಲೇ ಇಲ್ಲ."

"ಹಾಂಗಾರೆ ನಿನ್ನ ಕೈಯೇ ಸಮ."

ಅವನ ಲೆಕ್ಕಾಚಾರ ನನಗೆ ಆಮೇಲೆ ತಿಳಿಯಿತು. ಹೂ ಕಟ್ಟುವ ಬೆರಳು ಅವಸರವನ್ನೂ ಮಾಡುವುದಿಲ್ಲ, ಉದಾಸೀನವನ್ನೂ ಮಾಡುವುದಿಲ್ಲ. ಬೆಳಿಗ್ಗೆ ಯಾವ ಓಟವೋ ಮಧ್ಯಾಹ್ನವೂ ಅದೇ ಓಟ. ನಾನು ಯಾವ ಜಟ್ಟಿಯನ್ನು ಹಿಡಿದರೂ ಒಂದೇ ರೀತಿ ಆಡುತ್ತಿದ್ದೆ. ಎದುರಿಗೆ ಪೆಟ್ಟಿಗೆಯೇ ಆಡುತ್ತಿತ್ತು. ಒಬ್ಬೊಬ್ಬನಿಗೆ ಇಪ್ಪತ್ತು ಆಟ. ಯಾವನನ್ನು ಹಿಡಿದಾಗ ಹೆಚ್ಚು ಗೆದ್ದೆನೋ ಅವನು ಭಾರ, ಕಡಿಮೆ ಗೆದ್ದವನು ಹಗುರ. ಅಂಗಡಿಯವನು ಸೀಮೆಸುಣ್ಣದಲ್ಲಿ ಗೀಟು ಹಾಕಿಕೊಳ್ಳುತ್ತಿದ್ದ. ತಕ್ಕಡಿಯಲ್ಲಿ ಕಲ್ಲು ಇಡುತ್ತಾರಲ್ಲ, ಅವನಿಗೆ ಆ ಕಲ್ಲು ನಾನು. ಮೂರು ತಿಂಗಳು ಮಧ್ಯಾಹ್ನ ನನಗೆ ಅದೇ ಉದ್ಯೋಗ.

ಕೊನೆಗೆ ಗೋಡೆಗೆ ಒಂದು ಹಲಗೆ ಬಂತು. ದೊಣ್ಣೆಯವನನ್ನು ಹಿಡಿದವನು ಮೊದಲು ಮೂರು ಪೆಟ್ಟು ಸುಮ್ಮನೆ ನಿಂತು ತಿನ್ನಬೇಕು. ಎದುರಿನವನನ್ನು ಎತ್ತಿ ಒಗೆಯುವ ದಡಿಯನೊಬ್ಬನಿದ್ದ, ಅವನನ್ನು ಹಿಡಿದವನು ಒಂದು ಆಟದಲ್ಲಿ ಎರಡೇ ಸಲ ಒಗೆಯಬಹುದು. ಸಪೂರ ಹುಡುಗಿಗೆ ಯಾವ ಕಟ್ಟೂ ಇಲ್ಲ. ಎಲ್ಲದರ ಕೆಳಗೆ ದೊಡ್ಡ ಅಕ್ಷರದಲ್ಲಿ ಅಂಕದ ಕಟ್ಟಳೆ: ಜೋಡಿ ಒಪ್ಪಿದ ಮೇಲೆ ತಕರಾರಿಲ್ಲ.

ಮೊದಲು ನಕ್ಕರು. ಆಮೇಲೆ ಆಡಿ ನೋಡಿದರು. ಸಪೂರ ಹುಡುಗಿಯೂ ಗೆಲ್ಲತೊಡಗಿದಳು. ಬಿಟ್ಟು ಹೋದವರು ಕುಮಟಾದಿಂದೆಲ್ಲ ಬಸ್ಸು ಹತ್ತಿ ಬಂದರು. ಅವನು ಮಾತ್ರ ಒಂದೂ ಆಟ ಆಡುತ್ತಿರಲಿಲ್ಲ, ಬೆರಳು ಮಡಚಬೇಕಲ್ಲ. ಸ್ಟೂಲಿನ ಮೇಲೆ ಕೂತು ಇಬ್ಬರ ಮುಖ ನೋಡುತ್ತಿದ್ದ. ಆಟ ಸಮಸಮ ನಡೆದು ಕೂದಲೆಳೆಯಲ್ಲಿ ಮುಗಿದರೆ ಅವನಿಗೆ ಅದೇ ಊಟ...

ಹೀಗೆ ಏಳೆಂಟು ವರ್ಷ ಹೋಯಿತು. ಪೆಟ್ಟಿಗೆ ಹಳತಾಯಿತು. ನಾಲ್ಕು ಕಂಪ್ಯೂಟರ್ ತಂದು ಅದೇ ಆಟವನ್ನು ಅದರಲ್ಲಿ ಹಾಕಿದ. ಹಲಗೆ ಹಾಗೇ ಇತ್ತು. ಆಗ ಭಟ್ಕಳದಲ್ಲಿ, ದುಬೈಯಿಂದ ತಿರುಗಿ ಬಂದವನೊಬ್ಬ ಎ.ಸಿ. ಹಾಕಿಸಿ ಹೊಸ ಅಂಗಡಿ ತೆಗೆದ. ಅಲ್ಲಿ ನೆಟ್ಟಿನಲ್ಲಿ ದೂರದೂರಿನವರ ಜೊತೆ ಆಡಬಹುದು. ಕಟ್ಟಳೆ ಗಿಟ್ಟಳೆ ಇಲ್ಲ, ಎಲ್ಲರೂ ದೊಣ್ಣೆಯವರೇ. ನಮ್ಮ ಕಡೆಯವರು ಒಬ್ಬೊಬ್ಬರೇ ಅತ್ತ ಸರಿಯತೊಡಗಿದರು.

ಇವನು ಭಟ್ಕಳದವನಿಗೆ ಫೋನು ಮಾಡಿದ. ನಿಮ್ಮಲ್ಲಿಂದ ಐದು ಜನ, ನಮ್ಮಲ್ಲಿಂದ ಐದು ಜನ, ನೆಟ್ಟಿನಲ್ಲೇ ಆಡಲಿ, ಆದರೆ ನನ್ನ ಹಲಗೆಯ ಪ್ರಕಾರ. ಆಟ ಚಲೋ ಆದರೆ ಅಲ್ಲಿಯೂ ಆ ಹಲಗೆ ಹಾಕಬೇಕು. ಅವನು ಒಪ್ಪಿದ. ಇಲ್ಲಿನ ಆಟಗಾರರು ಬೇರೆ ಮಾತು ಹೇಳಿದರು: "ನಿಮ್ಮ ಹಲಗೆ ಹಿಡ್ಕಂಡು ಸೋತ್ರೆ ಮಾತ್ರ ನಾವು ಇತ್ಲಾಗೆ ಬರೂದಿಲ್ಲ." ಇವನು ನಕ್ಕ. ಹಲಗೆಯ ಮೇಲೆ ಇವನಿಗೆ ಅಷ್ಟು ನಂಬಿಕೆ. ಅಂದರೆ ನನ್ನ ಕೈಯ ಮೇಲೆ.

ಪಂದ್ಯದ ಹಿಂದಿನ ದಿನ ತೂಕ ನೋಡಲು ನನ್ನನ್ನು ಕೂರಿಸಿದ. ಅತ್ತ ಭಟ್ಕಳದ ಅಂಗಡಿಯವನೇ ಆಡಿದ. ನಾನು ಗುಂಡಿ ಒತ್ತಿದೆ. ಪೆಟ್ಟು ಕೂಡಲೇ ಬೀಳಲಿಲ್ಲ. ಆಳದ ಬಾವಿಯಲ್ಲಿ ಹಗ್ಗ ಎಳೆದ ಮೇಲೆ ಒಂದು ಗಳಿಗೆ ಬಿಟ್ಟು ಕೊಡ ಏಳುತ್ತದಲ್ಲ, ಹಾಗೆ. ಮತ್ತೆ ಒತ್ತಿದೆ. ಮತ್ತೆ ಹಾಗೆಯೇ.

ಅದೇ ವಾರ, ದಿನಾ ಹೂ ಒಯ್ಯುವ ಮಾಸ್ತರರ ಹೆಂಡತಿ, "ಎಂತದೇ, ಕಟ್ಟು ಸಡಿಲ ಆಯ್ದಲ್ಲ, ಕೈ ಸೋತಿತಾ?" ಎಂದಿದ್ದಳು. ಹೂ ಕಟ್ಟುವವಳಿಗೆ ಕೈ ಸೋತರೆ ಉಳಿದದ್ದೇನು? ತಡವಾಗುತ್ತಿರುವುದು ನನ್ನ ಬೆರಳೇ ಎಂದುಕೊಂಡೆ. ಇಪ್ಪತ್ತರಲ್ಲಿ ಹದಿನಾಲ್ಕು ಸೋತೆ.

"ಎಂತ ಅಕ್ಕ, ಇಷ್ಟು ಸೋತೆ?"

"ಅವ ಚಲೋ ಆಡ್ತ."

"ಕೈ ಸಮ ಇತ್ತಾ?"

"ಸಮ ಇತ್ತು."

ಅವನು ಎರಡನೇ ಸಲ ಕೇಳಲಿಲ್ಲ. ಅಂಕದಲ್ಲಿಯೂ ತೂಕ ನೋಡಿದವನ ಮಾತನ್ನು ಎರಡು ಸಲ ಕೇಳುವ ರೂಢಿ ಇಲ್ಲವಂತೆ.

ಮಾರನೇ ದಿನ ಭಾನುವಾರ. ಅಂಗಡಿಯೊಳಗೆ ಕಾಲಿಡಲು ಜಾಗವಿಲ್ಲ. ನಮ್ಮವರು ಐದಕ್ಕೆ ಐದೂ ಜನ ಸೋತರು. ದೊಣ್ಣೆಯವನನ್ನು ಹಿಡಿದವನು ಹಲಗೆಯ ಪ್ರಕಾರ ಮೂರು ಪೆಟ್ಟು ತಿಂದು, ಆಮೇಲೆ ಏಳಲೇ ಇಲ್ಲ. "ನಾ ಇವತ್ತು ಒತ್ತಿದ್ದು ನಾಳೆ ಬೀಳ್ತದೆ, ನಾಳೆ ಬಂದು ನೋಡಿ!" ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಇಪ್ಪತ್ತು ವರ್ಷದ ಹುಡುಗನ ಬೆರಳಿಗೂ ತಡವಾಗುತ್ತಿದೆ ಎಂದರೆ ತಡ ಬೆರಳಿನದಲ್ಲ. "ಹಲಗೆಯಂತೆ ಹಲಗೆ, ಒಲೆಗೆ ಹಾಕಿ" ಎಂದು ಹೇಳಿ ಅವರು ಹೊರಬಿದ್ದರು.

ಸೋಮವಾರ ಬೆಳಿಗ್ಗೆ ಮೊಗ್ಗಿನ ಕಟ್ಟು ಬಿಚ್ಚುವ ಮೊದಲೇ ಅವನ ಹತ್ತಿರ ಹೋಗಿ ಹೇಳಿದೆ.

"ಮೊನ್ನೆ ಕೈ ಸಮ ಇರಲಿಲ್ಲ ತಮ್ಮ. ಒತ್ತಿದ್ದು ತಡ ಆಗಿ ಬೀಳ್ತಿತ್ತು. ನಂಗೇ ವಯಸ್ಸಾತು ಅಂತ ಬಾಯಿ ಮುಚ್ಕಂಡೆ."

ಅವನು ನೆಟ್ಟು ಹಚ್ಚಿ, ನನ್ನಿಂದ ಒಂದೊಂದೇ ಗುಂಡಿ ಒತ್ತಿಸಿ, ಪರದೆ ನೋಡಿದ. ಆಟ ನಡೆಯುವುದು ಭಟ್ಕಳದ ಕಂಪ್ಯೂಟರಿನಲ್ಲಿ. ಅವರ ಪೆಟ್ಟು ಅಲ್ಲಿಯೇ ಬೀಳುತ್ತದೆ, ನಮ್ಮದು ತಂತಿ ಹಿಡಿದು ಅಲ್ಲಿಗೆ ಹೋಗಿ ಬೀಳಬೇಕು. "ಜಟ್ಟಿಗಳನ್ನೆಲ್ಲ ತೂಗಿದೆ, ತಂತಿಯ ತೂಕ ಹಾಕಲಿಲ್ಲ" ಎಂದ. ನನಗೆ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಬೈದು ಅಲ್ಲಿಗೆ ಮುಗಿಯುತ್ತಿತ್ತು.

ಅಷ್ಟರಲ್ಲಿ ಭಟ್ಕಳದವನದೇ ಫೋನು ಬಂತು. ಅವನು ಕೆಟ್ಟವನಲ್ಲ. ಅವನ ಗಂಟಲು ದೊಡ್ಡದು, ನನಗೂ ಕೇಳುತ್ತಿತ್ತು. "ನಿಮ್ ಕಡೆ ಲೈನ್ ಸ್ಲೋ ಇತ್ತು ಭಾಯ್, ಅದು ಆಟ ಅಲ್ಲ. ಇನ್ನೊಂದ್ಸಲ ಆಡುವಾ. ಬೇಕಾದ್ರೆ ಲೈನಿನ ಲೆಕ್ಕಕ್ಕೆ ನಮ್ಮವರೆಲ್ಲ ಮೂರು ಪೆಟ್ಟು ತಿಂತಾರೆ."

ಇವನು ಹಲಗೆಯ ಕಡೆ ನೋಡಿದ. "ಜೋಡಿ ಒಪ್ಪಿ ಆಗಿದೆ ಭಾಯ್. ನೀವು ಗೆದ್ರಿ" ಎಂದು ಫೋನು ಇಟ್ಟ.

"ನಿಂಗೆ ತಲೆ ಸಮ ಇದೆಯಾ?" ಎಂದು ಕಿರುಚಿದೆ. "ಅವನೇ ಹೇಳ್ತಿದ್ದ, ನಿಂದೆಂತ ದೊಡ್ಡಸ್ತಿಕೆ? ತಪ್ಪು ನಂದು!"

"ನಿಂದಲ್ಲ. ಜೋಡಿ ಹಾಕಿದವ ನಾನು. ಸೋತ ಮೇಲೆ ತಕರಾರು ತೆಗೆದವರನ್ನ ಎಷ್ಟು ಜನರನ್ನ ಈ ಬಾಗಿಲಿಂದ ಹೊರಗೆ ಹಾಕಿದ್ದೆ ಹೇಳು. ಇವತ್ತು ನಾನೇ ತೆಗೆಯಲಾ?"

ಈಗಲೂ ನನಗೆ ಅದು ಸರಿ ಎನಿಸುವುದಿಲ್ಲ. ಕಟ್ಟಳೆ ಮಾಡಿದ್ದು ಆಟ ಸಮ ಆಗಲಿ ಎಂದು. ಸಮ ಇರಲಿಲ್ಲ ಎಂದು ಗೆದ್ದವನೇ ಹೇಳಿದ ಮೇಲೆ ಕಟ್ಟಳೆ ಹಿಡಿದು ಕೂರುವುದು ಮೂರ್ಖತನ. ಅದನ್ನು ಅವನ ಮುಖಕ್ಕೇ ಹೇಳಿದ್ದೇನೆ. ಅವನು ಕೇಳುವ ಜಾತಿಯವನಲ್ಲ.

ಆಟಗಾರರು ಬರಲಿಲ್ಲ. ಒಂದು ತಿಂಗಳು ನೋಡಿ ಹಲಗೆಯನ್ನು ಅವನೇ ಇಳಿಸಿದ. ಹಿಂದೆ ತಿರುಗಿಸಿ, ರೈಲು ಟಿಕೆಟ್, ಪರೀಕ್ಷೆಯ ಫಲಿತಾಂಶ ಎಂದು ಬರೆದು ಹೊರಗೆ ತೂಗುಹಾಕಿದ. ಹಳೆಯ ಪೆಟ್ಟಿಗೆ ಗುಜರಿಗೆ ಹೋದ ದಿನ ಈ ಕೆಂಪು ಗುಂಡನ್ನು ತಿರುಪಿ ತೆಗೆದು ನನ್ನ ಹೂವಿನ ಬುಟ್ಟಿಯಲ್ಲಿ ಇಟ್ಟ. ಕೈ ನೋಡಲು ನನ್ನನ್ನು ಮತ್ತೆ ಕರೆಯಲಿಲ್ಲ. ಸಿಟ್ಟಲ್ಲ, ತೂಗುವುದಕ್ಕೆ ಏನೂ ಉಳಿದಿರಲಿಲ್ಲ. ಮೆಟ್ಟಿಲ ಮೇಲೆ ನಾನು, ಒಳಗೆ ಅವನು, ಟಿಕೆಟಿಗೆ ಬಂದವರು ನಮ್ಮಿಬ್ಬರನ್ನೂ ದಾಟಿಕೊಂಡು...

ಆಮೇಲೆ ಅಂಗಡಿ ಮುಚ್ಚಿ ಕುಮಟಾದ ತಂಗಿಯ ಮನೆಗೆ ಹೋದ. ಅವನು ಅಲ್ಲೇ ಸತ್ತ ಸುದ್ದಿ ತಿಳಿಸಿದವನು ಹೂವಿನ ಕಟ್ಟು ಇಳಿಸುವ ಬಸ್ಸಿನ ಕಂಡಕ್ಟರ್. ಸತ್ತು ಆಗಲೇ ಇಪ್ಪತ್ತು ದಿನ ಆಗಿತ್ತು. ಆ ದಿನವೂ ಮೊಗ್ಗು ಬಿಡಿಸಿ ಕಟ್ಟಿದೆ. ಕಟ್ಟದಿದ್ದರೆ ಮಧ್ಯಾಹ್ನಕ್ಕೆ ಅರಳಿ ಹಾಳಾಗುತ್ತದೆ.

ಗುಂಡನ್ನು ಮತ್ತೆ ಡ್ರಾಯರಿಗೇ ತಿರುಪಿದೆ. ತಿರುಪು ಸಿಗಲು ನಾಲ್ಕು ಸಲ ಬೇಕಾಯಿತು. ಅಲ್ಲೇ ಕುರ್ಚಿಯ ಮೇಲೆ ಮೊಮ್ಮಗಳು ಫೋನಿನಲ್ಲಿ ಯಾರ ಜೊತೆಯೋ ಹೊಡೆದಾಡುವ ಆಟ ಆಡುತ್ತ, "ಲ್ಯಾಗ್, ಲ್ಯಾಗ್" ಎಂದು ಬೊಬ್ಬೆ ಹೊಡೆಯುತ್ತಿದ್ದಳು. ಒತ್ತಿದ್ದು ತಡವಾಗಿ ಬೀಳುವುದಕ್ಕೆ ಈಗಿನವರ ಹೆಸರು ಅದು. ತಡ ಆದ ಕೂಡಲೇ ಹೇಳಿಬಿಟ್ಟಳು, ನಾಚಿಕೆ ಇಲ್ಲ, ಏನಿಲ್ಲ. "ನೀನೊಂದ್ಸಲ ಒತ್ತಿ ನೋಡು ಅಜ್ಜಿ" ಎಂದು ನನ್ನ ಕೈಗೂ ಕೊಟ್ಟಳು. ಒತ್ತಿದೆ.

"ನೆಟ್ಟಿಂದು ಬಿಡು, ಈಗ ನನ್ನ ಕೈಯೇ ತಡ ಆಯ್ದು" ಎಂದೆ.

ಈಗ ಕೇಳಿದವರಿಗೆಲ್ಲ ಅದನ್ನು ಹೇಳುತ್ತೇನೆ. ಕೇಳಬೇಕಾದವನಿಗೆ ಆ ಒಂದು ದಿನ ಹೇಳಲಿಲ್ಲ.