ಎರಡು ಬೆಳಗಿನ ಉಯಿಲು

ಬೆಳಿಗ್ಗೆ ಆರಕ್ಕೆ ಇನ್ನೂ ಐದು ನಿಮಿಷವಿದೆ. ಮೂರನೇ ಮಹಡಿಯ ಎರಡು ಕೋಣೆಗಳ ಮನೆಯಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ ಎಪ್ಪತ್ತೊಂಬತ್ತರ ತಾಯಿ ದಿಂಬಿಗೆ ಒರಗಿ ಕುಳಿತಿದ್ದಾರೆ. ಎದುರಿನ ಸ್ಟೂಲಿನ ಮೇಲೆ ಪತ್ರ ಬರಹಗಾರ್ತಿ. ಅವರ ತೊಡೆಯ ಮೇಲೊಂದು ರಟ್ಟು, ರಟ್ಟಿನ ಮೇಲೆ ಬಿಳಿ ಹಾಳೆ. ಮಗಳು ಚಹಾ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ.

“ಲೋಟ ಇಟ್ಟು ನೀವು ಸ್ವಲ್ಪ ಕೆಳಗೆ ಹೋಗಿ ಬನ್ನಿ,” ಎನ್ನುತ್ತಾರೆ ಬರಹಗಾರ್ತಿ.

“ನಮ್ಮಮ್ಮನ ಹತ್ತಿರ ನಾನೇ ಇರಬಾರದಾ ಅಕ್ಕ?”

“ನೀವಿದ್ದರೆ ಅವರು ನಿಮ್ಮ ಮುಖ ನೋಡಿ ಮಾತಾಡ್ತಾರೆ.”

“ಹೋಗೇ ಮಾರಾಯ್ತಿ,” ಎಂದು ಮಂಚದಿಂದ ದನಿ ಬರುತ್ತದೆ. “ಇಷ್ಟು ವರ್ಷಕ್ಕೆ ಒಬ್ಬರು ನನ್ನನ್ನೇ ನೋಡೋಕೆ ಅಂತ ಬಂದಿದ್ದಾರೆ.”

ನೋಂದಣಿ ಕಚೇರಿಯ ಮುಂದಿನ ಪತ್ರ ಬರಹಗಾರರ ಸಾಲಿನಲ್ಲಿ ಈ ಬರಹಗಾರ್ತಿಯನ್ನು ಎಲ್ಲರೂ ಕರೆಯುವುದು ಉಯಿಲಕ್ಕ ಎಂದೇ. ವಯಸ್ಸು ಐವತ್ತೆರಡು, ಕೆಲಸಕ್ಕೆ ಇಪ್ಪತ್ತಾರು ವರ್ಷ. ಹಗಲೆಲ್ಲ ಕಚೇರಿಯ ಮೆಟ್ಟಿಲ ಪಕ್ಕದ ಮೇಜಿನಲ್ಲಿ ಬಾಡಿಗೆ ಕರಾರು, ಕ್ರಯಪತ್ರ. ಉಯಿಲಿಗೆ ಮಾತ್ರ ಮುಂಜಾನೆ ಮನೆಗೇ ಹೋಗುತ್ತಾರೆ. “ವಯಸ್ಸಾದವರ ತಲೆ ಬೆಳಿಗ್ಗೆ ತಿಳಿನೀರು. ಮಧ್ಯಾಹ್ನ ಊಟ ಆದಮೇಲೆ ಕದಡುತ್ತೆ,” ಎನ್ನುವುದು ಅವರ ಲೆಕ್ಕಾಚಾರ. ಕಳೆದ ವರ್ಷ ನೂರಾ ನಲವತ್ತು ಉಯಿಲು ಬರೆದಿದ್ದಾರೆ. ಕರೆಯಲು ಬಂದ ಪ್ರತಿ ಹತ್ತು ಜನರಲ್ಲಿ ಏಳು ಜನ ಹೆಣ್ಣುಮಕ್ಕಳು.

ಶುರುವಿನಲ್ಲಿ ಸಾಲಿನ ಗಂಡಸರು ನಕ್ಕಿದ್ದರಂತೆ. “ಸತ್ತ ಮೇಲಿನ ಮಾತು ಹೆಂಗಸಿನ ಬಾಯಲ್ಲಿ ಯಾಕೆ ಅಂದ್ರು. ಆಮೇಲೆ ಅವರವರ ಅಮ್ಮಂದಿರೇ ನನ್ನ ಮೇಜಿಗೆ ಬಂದ್ರು, ನಕ್ಕವರು ಬಾಯಿ ಮುಚ್ಚಿಕೊಂಡ್ರು.”

ಈ ಕೆಲಸಕ್ಕೆ ಅವರನ್ನು ತಂದದ್ದು ಅವರದೇ ಮನೆ. ತಂದೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ಯಾರೋ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ತಿಂಗಳೊಳಗೆ ಮನೆ ಕೈತಪ್ಪಿ ತಾಯಿ, ಇಬ್ಬರು ಹೆಣ್ಣುಮಕ್ಕಳು ಎರಡು ಗಂಟು ಹೊತ್ತು ಬಾಡಿಗೆ ಕೋಣೆಗೆ ನಡೆದರು. “ಅಪ್ಪನ ಮನಸ್ಸಲ್ಲಿ ಏನಿತ್ತು ಅಂತ ಇವತ್ತಿಗೂ ಗೊತ್ತಿಲ್ಲ. ಅಪ್ಪನನ್ನ ಯಾರೂ ಕೇಳಲೇ ಇಲ್ಲ. ನಾವೂ ಕೇಳಲಿಲ್ಲ,” ಎನ್ನುವಾಗ ಅವರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕುತ್ತಿರುತ್ತಾರೆ.

ಹಾಗಾಗಿ ಅವರದೊಂದು ಕಟ್ಟುನಿಟ್ಟಿನ ನಿಯಮ. ಮೊದಲ ಬೆಳಿಗ್ಗೆ ಕೇಳಿ, ಹೇಳಿದವರ ಮಾತಿನಲ್ಲೇ ಗುರುತು ಹಾಕಿಕೊಳ್ಳುತ್ತಾರೆ. ಮರುದಿನ ಬೆಳಿಗ್ಗೆ ಹಾಳೆ ತೋರಿಸದೆ ಅದನ್ನೇ ಮತ್ತೆ ಕೇಳುತ್ತಾರೆ. ಉತ್ತರ ಹೊಂದಿದರಷ್ಟೇ ಸಹಿ. ಅವರು ಬರೆದ ಉಯಿಲುಗಳಲ್ಲಿ ಎರಡು ನ್ಯಾಯಾಲಯದ ಮೆಟ್ಟಿಲೇರಿವೆ. ಆ ಎರಡೂ ಅವಸರಕ್ಕೆ ಬಿದ್ದು ಒಂದೇ ಬೆಳಿಗ್ಗೆ ಮುಗಿಸಿದವು.

ಈ ಮನೆಯಲ್ಲೂ ಅವಸರವಿದೆ. ತಾಯಿ ಹೃದಯದ ಶಸ್ತ್ರಚಿಕಿತ್ಸೆಗೆ ನಾಳೆ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆ ಸೇರಬೇಕು. ಕನ್ನಡಕದ ಅಂಗಡಿಯಲ್ಲಿ ದುಡಿಯುವ ನಲವತ್ತೆಂಟರ ಮಗಳಿಗೆ ಈ ಎರಡು ಕೋಣೆ ಬಿಟ್ಟರೆ ಬೇರೆ ಸೂರಿಲ್ಲ. ಇನ್ನೊಂದು ಊರಿನಲ್ಲಿರುವ ತಮ್ಮ ಕೆಟ್ಟವನೇನಲ್ಲ, ಆದರೆ ಅವನಿಗೂ ಸಂಸಾರವಿದೆ. ಆತಂಕದಲ್ಲಿ ಮಗಳು ತಾವೇ ಒಂದು ಉಯಿಲು ಬರೆದು, ತಾಯಿಯ ಸಹಿ ಹಾಕಿಸಿ ಇಟ್ಟಿದ್ದಾರೆ. ಕೆಳಗೆ ಸಾಕ್ಷಿಯ ಜಾಗದಲ್ಲಿ ಅವರದೇ ಸಹಿ.

“ಅಮ್ಮನ ಪಕ್ಕದಲ್ಲಿ ಯಾವಾಗಲೂ ಇರೋದು ನಾನೇ ಅಲ್ವಾ? ನನಗಿಂತ ಒಳ್ಳೆ ಸಾಕ್ಷಿ ಯಾರು?” ಎನ್ನುತ್ತಾರೆ, ತಾಯಿಯ ಮಾತು ಮುಗಿದ ಮೇಲೆ ಮರಳಿ ಬಂದ ಮಗಳು.

“ಪರೀಕ್ಷೆ ಬರೆದವರೇ ಅಂಕ ಹಾಕಿಕೊಂಡ ಹಾಗಾಯ್ತು,” ಎಂದು ಉಯಿಲಕ್ಕ ನಗುತ್ತಾರೆ. “ಪಾಲು ಸಿಗೋರು ಸಾಕ್ಷಿ ಹಾಕಿದ್ರೆ ಪಾಲಿಗೇ ಕುತ್ತು. ಪಾಲಿಲ್ಲದ ಇಬ್ಬರು ಬೇಕು. ಅಮ್ಮನ ಬುದ್ಧಿ ನೆಟ್ಟಗಿದೆ ಅಂತ ಡಾಕ್ಟರ ಚೀಟಿ ತಂದಿಡಿ.”

“ಇವತ್ತೇ ಮುಗಿಸಿಬಿಡಿ ಅಕ್ಕ. ನಾಳೆ ಅಮ್ಮ ಗಾಬರಿಯಲ್ಲಿ ಏನಾದರೂ ತೊದಲಿದರೆ?”

“ತೊದಲಿದರೆ ಬರೆಯಲ್ಲ. ನಾಳೆ ಐದಕ್ಕೇ ಬರ್ತೀನಿ.”

ಮರುದಿನ ಐದಕ್ಕೆ ಬರುತ್ತಾರೆ, ಟೈಪು ಮಾಡಿದ ಕಾಗದ ಚೀಲದಲ್ಲಿಟ್ಟುಕೊಂಡು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಔಷಧಿ ಅಂಗಡಿಯವರು ಸಾಕ್ಷಿಗಳಾಗಿ ಬಂದು ಕೂರುತ್ತಾರೆ. ಮಗಳು ಡಾಕ್ಟರ ಚೀಟಿ ಕೊಟ್ಟು, ಹೇಳಿಸಿಕೊಳ್ಳದೆ ಮೆಟ್ಟಿಲಿಳಿಯುತ್ತಾರೆ.

“ಅಮ್ಮಾ, ನಾನು ಯಾರು ಗೊತ್ತಾಯ್ತಾ?”

ತಾಯಿ ಬಹಳ ಹೊತ್ತು ನೋಡುತ್ತಾರೆ. “ಇಲ್ವಲ್ಲ.”

ಮೇಷ್ಟ್ರು ಕುರ್ಚಿಯಲ್ಲಿ ಮುಂದಕ್ಕೆ ಸರಿಯುತ್ತಾರೆ. ಉಯಿಲಕ್ಕ ಪೆನ್ನನ್ನು ಕೆಳಗಿಡುತ್ತಾರೆ.

“ನಿನ್ನೆ ನನ್ನ ಮಗಳನ್ನ ಅವಳ ಮನೆಯಿಂದಲೇ ಆಚೆ ಕಳಿಸಿದ ಗಟ್ಟಿಗಿತ್ತಿ ಅಲ್ವಾ ನೀನು? ನಾಲಗೆ ತೊದಲಲ್ಲ ಕಣೆ, ಕೇಳು.”

ಉಯಿಲಕ್ಕ ಕೇಳುತ್ತಾರೆ. ಮನೆ ಮಗಳಿಗೆ, ಬ್ಯಾಂಕಿನಲ್ಲಿರುವುದು ಮಗನಿಗೆ. ನಿನ್ನೆಯದೇ ಉತ್ತರ. ಮಗನಿಗೆ ರಾತ್ರಿಯೇ ಫೋನಿನಲ್ಲಿ ತಾನೇ ಹೇಳಿದ್ದಾಗಿದೆ ಎಂದೂ ತಾಯಿ ಸೇರಿಸುತ್ತಾರೆ. ಕೊನೆಗೆ ಉಯಿಲಕ್ಕ ಕಾಗದ ಓದಿ ಹೇಳುತ್ತಾರೆ. ‘ನನ್ನ ಮಗಳು ನನ್ನನ್ನು ನೋಡಿಕೊಂಡಿದ್ದಕ್ಕಾಗಿ’ ಎಂಬಲ್ಲಿ ತಾಯಿ ಕೈ ಎತ್ತುತ್ತಾರೆ.

“ಅದನ್ನ ತೆಗಿ. ನೋಡಿಕೊಂಡಿದ್ದಕ್ಕೆ ಕೊಟ್ಟೆ ಅಂದ್ರೆ ಕೂಲಿ ಕೊಟ್ಟ ಹಾಗಾಗುತ್ತೆ. ಮಗಳು ಅಂತ ಕೊಟ್ಟೆ. ಹಾಗೇ ಬರಿ.”

ಇಂಥ ಉಯಿಲಿನಲ್ಲೆಲ್ಲ ಇಪ್ಪತ್ತಾರು ವರ್ಷದಿಂದ ಬರೆಯುತ್ತ ಬಂದ ಸಾಲು ಅದು. ಉಯಿಲಕ್ಕ ಆ ಹಾಳೆಯನ್ನು ಪಕ್ಕಕ್ಕಿಟ್ಟು, ಹೊಸ ಹಾಳೆಯಲ್ಲಿ ಇಡೀ ಉಯಿಲನ್ನು ಕೈಯಿಂದಲೇ ಬರೆದು, ಮತ್ತೆ ಓದಿ ಹೇಳುತ್ತಾರೆ. ತಾಯಿ ಸಹಿ ಹಾಕುತ್ತಾರೆ, ಸಾಕ್ಷಿಗಳೂ ಹಾಕುತ್ತಾರೆ. ಆರೂವರೆಗೆ ಮಗಳನ್ನು ಕೂಗಿ ಕರೆದು ತಾಯಿಯೇ ಕಾಗದ ಕೈಗಿಡುತ್ತಾರೆ. ಮಗಳು ನಿಂತಲ್ಲೇ ಓದುತ್ತಾರೆ, ಒಂದು ಕಡೆ ಬೆರಳಿಟ್ಟು ಮತ್ತೆ ಓದುತ್ತಾರೆ. “ಸಾಕು ಬಿಡೇ, ಬಾಯಿಪಾಠ ಮಾಡಬೇಕಾ? ನನ್ನ ಚಪ್ಪಲಿ ಎಲ್ಲಿ, ಗಾಡಿ ಬರುತ್ತೆ,” ಎನ್ನುತ್ತಾರೆ ತಾಯಿ.

ಮೆಟ್ಟಿಲಿಳಿಯುವಾಗ ಉಯಿಲಕ್ಕನನ್ನು ಆ ಸಾಲಿನ ಬಗ್ಗೆ ಕೇಳಿದರೆ, ಚೀಲ ಹೆಗಲಿಗೇರಿಸಿಕೊಳ್ಳುತ್ತಾರೆ.

“ಮಾತು ಅವರದು. ಅಕ್ಷರ ಮಾತ್ರ ನನ್ನದು. ಒಂದೂ ಚಿತ್ತುಕಾಟಿಲ್ಲ, ನೋಡಿದ್ರಲ್ಲ?”