ಸನ್ಮಾನದ ಬ್ಯಾನರಿಗೆ ಮಗಳ ಕೋಲು

ನಮ್ಮ ಮನೆಯ ಕಪಾಟಿನಲ್ಲಿ ಒಂದು ಅಂತಸ್ತು ಪೂರ್ತಿ ಶಾಲುಗಳು. ಎಲ್ಲವೂ ಒಂದೇ ಬಗೆಯವು: ಜರಿಯಂಚು, ಹೊದ್ದರೆ ಕುತ್ತಿಗೆ ತುರಿಸುವ ದಾರ. ಪೋಲ್‌ವಾಲ್ಟ್ ಹಾರುವ ನನ್ನ ಮಗಳಿಗೆ ಊರೂರಿನ ಸಂಘಗಳು ಹೊದಿಸಿದ್ದು. ಒಂದು ಸಂಘದವರಾದರೂ ಬ್ರಹ್ಮಾವರದ ಮೈದಾನಕ್ಕೆ ಹೋಗಿ ಅವಳು ಮೇಲಿನಿಂದ ಬೀಳುವ ಮೆತ್ತೆಯ ಮೇಲೆ ಕೈಯಿಟ್ಟು ನೋಡಿದ್ದಿಲ್ಲ. ನಡುವಿನಲ್ಲಿ ಸ್ಪಂಜು ಕುಸಿದು ಹೊಂಡವಾಗಿದೆ. ಅಂಚು ಹರಿದಲ್ಲೆಲ್ಲ ಬಲೆಯ ನೂಲಿನಿಂದ ಹೊಲಿದವಳು ನಾನು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕರವಸ್ತ್ರದ ಅಂಚಿಗೆ ಹಾಕಲು ಕಲಿಸಿದ ಹೊಲಿಗೆ ಅಲ್ಲಿ ಉಪಯೋಗಕ್ಕೆ ಬಂತು.

ಅವಳ ಕೋಲಿನ ಬಗ್ಗೆ ಹೇಳಬೇಕು. ಅದು ಬಿದಿರಲ್ಲ, ಕಬ್ಬಿಣವಲ್ಲ, ಫೈಬರ್‌ಗ್ಲಾಸಿನದು. ಹಾರುವವರ ಮೈತೂಕಕ್ಕೆ ಸರಿಯಾಗಿ ಮಾಡಿರುತ್ತಾರೆ. ಅವಳು ಓಡಿ ಬಂದು ಊರಿದಾಗ ಅದು ಬಿಲ್ಲಿನಂತೆ ಬಗ್ಗಬೇಕು, ಮತ್ತೆ ನೆಟ್ಟಗಾಗುತ್ತ ಅವಳನ್ನು ಮೇಲಕ್ಕೆತ್ತಬೇಕು. ಕೋಲಿನ ಮೈಮೇಲೆ ಒಂದು ಗಾಯವಾದರೂ ಬಗ್ಗುವಾಗ ಅಲ್ಲೇ ಸಿಡಿಯುತ್ತದೆ, ಹುಡುಗಿ ಗಾಳಿಯಲ್ಲಿರುವಾಗ. ಅವಳ ಕೋಚ್ ಕೇರಳದ ತಮ್ಮ ಹಳೆಯ ಶಿಷ್ಯೆಯೊಬ್ಬಳಿಂದ ಅದನ್ನು ತರಿಸಿಕೊಟ್ಟಾಗ ನನ್ನನ್ನೂ ಕೂರಿಸಿಕೊಂಡು ಇದನ್ನು ಹೇಳಿದ್ದರು. ಮೈದಾನದ ಕೋಣೆಗೆ ಬೀಗವಿಲ್ಲದ ಕಾರಣ ಕೋಲು ನಮ್ಮ ಮನೆಯ ಜಗಲಿಯಲ್ಲೇ ಇರುತ್ತಿತ್ತು. ನನ್ನ ಹಳೆಯ ನೂಲಿನ ಸೀರೆ ಹರಿದು ಎರಡು ಕುಣಿಕೆ ಹೊಲಿದು, ಮಾಡಿನ ಪಕ್ಕಾಸಿನ ಮರಕ್ಕೆ ತೂಗುಹಾಕಿದ್ದೆ.

ಉಪ್ಪುಂದಕ್ಕೂ ಕಿರಿಮಂಜೇಶ್ವರಕ್ಕೂ ನಡುವಿನ ನಮ್ಮ ಊರಿನಿಂದ ಬ್ರಹ್ಮಾವರಕ್ಕೆ ಬಸ್ಸಿಗೆ ಬರವಿಲ್ಲ. ಆದರೆ ಆ ಕೋಲು ಹಿಡಿದವರನ್ನು ಹತ್ತಿಸುವ ಬಸ್ಸಿಲ್ಲ. "ಹ್ವಾಯ್, ಇದನ್ನ್ ಒಳಗ್ ತಂದ್ರೆ ಡ್ರೈವರ್ ಎಲ್ಲಿ ಕೂಕಂಬ್ದ್?" ಅಂತ ಒಬ್ಬ ಕಂಡಕ್ಟರ್ ಕೇಳಿದ್ದ. ಬಸ್ಸಿನವರೆಲ್ಲ ನಕ್ಕರು. ಹಾಗಾಗಿ ಬೆಳಿಗ್ಗೆ ಮಲ್ಪೆಗೆ ಖಾಲಿ ಕ್ರೇಟು ಒಯ್ಯುವ ಮೀನಿನ ಟೆಂಪೊದ ಮೇಲೆ ಅವಳೂ ಕೋಲೂ ಹೋಗುವುದು. ಸಂಜೆ ಬಂದ ಮೇಲೆ ಇಬ್ಬರಿಗೂ ಮೀನಿನ ವಾಸನೆ. ಅವಳು ಸ್ನಾನ ಮಾಡುತ್ತಾಳೆ, ಕೋಲನ್ನು ನಾನು ಒರೆಸುತ್ತೇನೆ. ಒರೆಸಿ ಒರೆಸಿ ಅದರ ಮೈ ನನಗೆ ಗೊತ್ತು.

ನಾನು ಹೇಳಹೊರಟ ವಾರದ ಕೊನೆಗೆ ರಾಜ್ಯಮಟ್ಟದ ಕೂಟವಿತ್ತು. ಅಲ್ಲಿ ತನ್ನ ಹಳೆಯ ಎತ್ತರಕ್ಕಿಂತ ಒಂದು ಗೇಣು ಹೆಚ್ಚು ಹಾರಿದರೆ ರಾಜ್ಯದ ತಂಡದಲ್ಲಿ ಜಾಗ. ಆ ಕೋಲು ಕೈಗೆ ಬಂದ ಮೇಲೆ ಅಭ್ಯಾಸದಲ್ಲಿ ಅಷ್ಟು ಹಾರುತ್ತಲೂ ಇದ್ದಳು. ಇದೇ ಹೊತ್ತಿಗೆ ನನ್ನ ಭಾವನವರ ಸಂಘಕ್ಕೆ ಅವಳನ್ನು ಸನ್ಮಾನಿಸುವ ಮನಸ್ಸಾಯಿತು. ಭಾವ ಎಂದರೆ ನನ್ನ ಗಂಡನ ಅಣ್ಣ. ಬಹಳ ಕಾಲ ಮುಂಬೈಯಲ್ಲಿ ಹೋಟೆಲು ನಡೆಸಿ, ಈಗ ಅದನ್ನು ಮಗನಿಗೆ ಬಿಟ್ಟು, ಊರಿನಲ್ಲಿ ಅಧ್ಯಕ್ಷರಾಗಿದ್ದಾರೆ. ನನ್ನೊಡನೆ ನೇರ ಮಾತಾಡುವವರಲ್ಲ. ನನಗೆ ಹೇಳಬೇಕಾದ್ದನ್ನು ನನ್ನ ಗಂಡನಿಗೋ ಮಗಳಿಗೋ ನನ್ನ ಎದುರೇ ಹೇಳುತ್ತಾರೆ.

ಸನ್ಮಾನದ ದಿನ ಮಧ್ಯಾಹ್ನ ನಾನೂ ಮಗಳೂ ಕುಂದಾಪುರದಿಂದ ಬಂದು ಜಗಲಿ ಹತ್ತಿದಾಗ ಕುಣಿಕೆಗಳು ಖಾಲಿ ನೇತಾಡುತ್ತಿದ್ದವು. ನನ್ನ ಗಂಡ ಒಳಗಿನಿಂದಲೇ, "ಅಣ್ಣಯ್ಯ ತಕಂಡ್ ಹೋದ. ಎಂತದೋ ಕಾರ್ಯಕ್ರಮಕ್ಕೆ ಬೇಕಂಬ್ರ್" ಎಂದರು. ವೇದಿಕೆಯಲ್ಲಿ ತೋರಿಸಲಿಕ್ಕೆ ಇರಬೇಕು ಎಂದುಕೊಂಡೆವು. ಆದರೂ ಮಗಳು ಚಪ್ಪಲಿಯನ್ನೂ ಹಾಕದೆ ಓಡಿದಳು. ನಾನು ಹಿಂದಿನಿಂದ ಹೋದೆ.

ಗದ್ದೆಯಲ್ಲಿ ಶಾಮಿಯಾನ ಎದ್ದಿತ್ತು. ಮುಂದೆ ದೊಡ್ಡ ಬ್ಯಾನರು. ಅದರಲ್ಲಿ ನನ್ನ ಮಗಳು ಕೋಲು ಹಿಡಿದು ಹಾರುತ್ತಿದ್ದಾಳೆ. ಸುತ್ತ ಪದಾಧಿಕಾರಿಗಳ ದುಂಡು ಮುಖಗಳು, ಭಾವನವರದು ಅವಳಿಗಿಂತ ದೊಡ್ಡದು. ಬ್ಯಾನರಿನ ಒಂದು ಬದಿಗೆ ಅಡಿಕೆ ಮರದ ಕಂಬ. ಇನ್ನೊಂದು ಬದಿಗೆ ಅವಳ ಕೋಲು. ನೆಲ ತೋಡಿ ಹುಗಿದು, ಬುಡಕ್ಕೆ ಮುರಕಲ್ಲಿನ ಚೂರು ಜಡಿದು, ಮೇಲಿನಿಂದ ಕೆಳಗಿನವರೆಗೆ ಸೆಂಟ್ರಿಂಗಿನ ತಂತಿ ಸುತ್ತಿ ಇಕ್ಕಳದಿಂದ ತಿರುಚಿ ಬಿಗಿದಿದ್ದರು. ತಂತಿ ಮೈಯೊಳಗೆ ಇಳಿದಿತ್ತು.

ಮಗಳು ಅಳಲಿಲ್ಲ. ತಂತಿಯ ಪಕ್ಕಕ್ಕೆ ಉಗುರು ತಂದು ನಿಲ್ಲಿಸಿದಳು, ಅಷ್ಟೆ.

ಭಾವ ಖುಷಿಯಲ್ಲೇ ಬಂದರು. "ಕಾಣ್ ಮಗ, ನಿನ್ ಕೋಲಿಗೇ ನಿನ್ ಫೋಟೋ. ಎಷ್ಟ್ ಚೆಂದ ಇತ್ತ್. ಒಂದ್ ಕಂಬ ಕಮ್ಮಿ ಬಿದ್ದಿತ್ತ್. ಇದ್ ನಿಮ್ ಜಗ್ಲಿ ಮೇಲೆ ಸುಮ್ನೆ ನೇತಾಡ್ತಿತ್ತ್."

"ದೊಡ್ಡಪ್ಪಯ್ಯ, ಇದ್ ಬಗ್ಗುಕೆ ಮಾಡದ್ ಕೋಲ್. ತಂತಿ ಕಟ್ಟುಕೆ ಆತಿಲ್ಲ."

"ಮುರ್ದಿತಾ?"

"ಮುರಿಲಿಲ್ಲ."

"ಮತ್ತೆಂತ? ಕಾರ್ಯಕ್ರಮ ಮುಗಿದದ್ದೇ ಬಿಚ್ಚಿ ಕೊಡ್ತ್ರ್. ಅರೆ, ಟೆನ್ಶನ್ ಎಂತಕ್ಕೆ? ಹೋಗ್, ಒಳ್ಳೆ ಸೀರೆ ಉಟ್ಕಂಡ್ ಬಾ. ನಿನ್ನಮ್ಮಂಗೂ ಹೇಳ್, ಎರಡ್ ಮಾತಾಡುಕಿತ್ತ್ ಅಂದೇಳಿ."

ನಾನು ಅವರ ಎದುರೇ ನಿಂತಿದ್ದೆ. ಶಾಲೆಯಲ್ಲಿ ಹತ್ತು ವರ್ಷ ಸ್ವರ ಏರಿಸಬಾರದೆಂದು ಕಲಿತೆ, ಮದುವೆಯಾದ ಮೇಲೆ ಯಾರೂ ಕಲಿಸದೆಯೇ ಅದನ್ನು ಪಾಲಿಸಿದೆ. ಶಾಮಿಯಾನದವರ ಇಕ್ಕಳ ಕುರ್ಚಿಯ ಮೇಲಿತ್ತು. ತೆಗೆದುಕೊಂಡು ಸ್ಟೂಲು ಹತ್ತಿ ಮೇಲಿನ ತಂತಿಯನ್ನು ಕತ್ತರಿಸಿದೆ. ಆಮೇಲೆ ನಡುವಿನದು. ಬ್ಯಾನರು ಒಂದು ಬದಿಗೆ ಜೋತು, ಅಧ್ಯಕ್ಷರ ಮುಖ ಮಡಚಿಕೊಂಡಿತು.

"ಎಂತ ಮಾಡ್ತ್ರ್ ಇವ್ರ್?" ಎಂದು ಭಾವ ಗಾಳಿಯನ್ನು ಕೇಳಿದರು.

"ಭಾವಯ್ಯ," ಎಂದೆ, ಸ್ಟೂಲಿನ ಮೇಲಿಂದಲೇ. "ನಿಮ್ ಹೋಟ್ಲಿನ್ ಗ್ಯಾಸ್ ಪೈಪಿಗೆ ನಾನ್ ತಂತಿ ಬಿಗ್ದ್ ಬಟ್ಟೆ ಒಣಗ್ಸಿರೆ ನೀವ್ ಶಾಲ್ ಹೊದಿಸ್ತ್ರ್ಯಾ?"

ಅಡುಗೆಯವರ ಕಡೆಯಿಂದ ಯಾರೋ ನಕ್ಕರು. ಅಷ್ಟರಲ್ಲಿ ಬಂದ ನನ್ನ ಗಂಡನಿಗೆ ಭಾವ ಹೇಳಿದರು: "ಕಾನ್ವೆಂಟ್ ಕಲ್ತವ್ರಿಗೆ ಇಷ್ಟ್ ಸ್ವರ ಇತ್ತಂದೇಳಿ ಗೊತ್ತಿರ್ಲಿಲ್ಲೆ."

ಬುಡದ ಕಲ್ಲು ಸರಿಸಿ ಕಿತ್ತು, ತಾಯಿ ಮಗಳು ಕೋಲಿನ ಒಂದೊಂದು ತುದಿ ಹೊತ್ತು ಮನೆಗೆ ನಡೆದೆವು. ಎದುರಿನಿಂದ ಬರುತ್ತಿದ್ದವರು, "ಕಾರ್ಯಕ್ರಮ ಮುಗೀತಾ? ನಾವ್ ಬಪ್ಪುಕೆ ತಡ ಆಯ್ತಾ?" ಎಂದು ಕೇಳಿದರು.

ಜಗಲಿಯಲ್ಲಿ ಕೋಲನ್ನು ಮಲಗಿಸಿ, ಕೋಚ್ ಫೋನಿನಲ್ಲಿ ಹೇಳಿದಂತೆ, ದೇವರ ದೀಪದ ಬತ್ತಿಗೆಂದು ಇಟ್ಟಿದ್ದ ಹತ್ತಿ ತಂದೆ. ಉಂಡೆ ಮಾಡಿ ಮೈಮೇಲೆ ಮೆಲ್ಲಗೆ ಎಳೆದೆ. ಸರಿಯಿದ್ದಲ್ಲಿ ಹತ್ತಿ ಜಾರುತ್ತದೆ. ತಂತಿ ಕಚ್ಚಿದಲ್ಲೆಲ್ಲ ಎಳೆಗಳು ಸಿಕ್ಕಿ ನಿಂತವು. ನಡುವಿನಲ್ಲಿ, ಅದು ಹೆಚ್ಚು ಬಗ್ಗುವ ಜಾಗದಲ್ಲಿ, ಒಂದು ಸುತ್ತು ಪೂರ್ತಿ ಬಿಳಿ ಗಡ್ಡ. "ಅದನ್ನು ಇನ್ನು ಮುಟ್ಟಬೇಡ" ಎಂದು ಕೋಚ್ ಅವಳಿಗೆ ಹೇಳಿದ್ದು ನನಗೂ ಕೇಳಿಸಿತು.

ಮರುದಿನ ಭಾವ ಹಣ್ಣಿನ ಬುಟ್ಟಿ, ಶಾಲು ಹಿಡಿದು ಬಂದರು. ಒಳ್ಳೆಯ ಮನಸ್ಸಿನಿಂದಲೇ ಬಂದರು, ಅದೇ ನನಗೆ ತಡೆಯದಾದದ್ದು. ಹತ್ತಿ ತೋರಿಸಿದೆ. ಬಗ್ಗಿ ನೋಡಿದರು.

"ಹತ್ತಿ ಹಿಡಿತ್ತ್, ಅಷ್ಟೇ ಅಲ್ದಾ? ಸ್ವಲ್ಪ ಗಮ್ ಟೇಪ್ ಸುತ್ತಿರೆ ಆಯ್ತ್" ಎಂದು ತಮ್ಮನಿಗೆ ಹೇಳಿದರು.

"ಅಣ್ಣಯ್ಯ ಬೇಕಂದೇಳಿ ಮಾಡದ್ದಲ್ಲ" ಎಂದು ನನ್ನ ಗಂಡ ನನಗೆ ಹೇಳಿದರು.

ಬೇಕೆಂದು ಮಾಡಿದ್ದಲ್ಲ ಎನ್ನುವುದು ನನಗೂ ಗೊತ್ತು. ಬೇಕೆಂದು ಮಾಡಿದ್ದರೆ ಅದು ಹಾರುವ ಕೋಲು, ಹಾರುವುದೂ ಒಂದು ಕೆಲಸ ಎಂದಾದರೂ ಅವರಿಗೆ ತಿಳಿದಿರುತ್ತಿತ್ತು. ವರ್ಷವಿಡೀ ಸಂಘದ ಕ್ರಿಕೆಟ್ ತಂಡದ ಬ್ಯಾಟುಗಳು ಭಾವನವರ ಕೋಣೆಯಲ್ಲಿ ಬೀಗದೊಳಗೆ ಇರುತ್ತವೆ. ಯಾವ ಪೂಜೆಗೂ ಅವುಗಳನ್ನು ನೆಟ್ಟು ಯಾರೂ ಮಾವಿನೆಲೆ ಕಟ್ಟಿದ್ದನ್ನು ನಾನು ಕಂಡಿಲ್ಲ. ಬುಟ್ಟಿ ವಾಪಸು ಕಳಿಸಿದೆ. ನನ್ನ ಗಂಡ ಎರಡು ದಿನ ಮಾತು ಬಿಟ್ಟರು.

ಕೂಟಕ್ಕೆ ಅವಳು ತನ್ನ ಹಳೆಯ ಕೋಲನ್ನು ಒಯ್ದಳು. ಹೈಸ್ಕೂಲಿನಲ್ಲಿ, ಮೈ ಇನ್ನೂ ಹಗುರವಿದ್ದಾಗ ಹಾರಿದ್ದು. ಗಾಯವಾದದ್ದನ್ನೂ ಒಯ್ದಳು. "ಅಲ್ಲಿ ದೊಡ್ಡ ಕೋಚ್‌ಗಳ್ ಇರ್ತ್ರ್. ಯಾರಾದ್ರೂ ಒಬ್ರ್ ಆತ್ತ್ ಅಂದ್ರೆ ಹಾರ್ತೆ" ಎಂದಳು. ನಾನೂ ಜೊತೆಗೆ ಹೋದೆ. ಯಾರೂ ಆಗುತ್ತದೆ ಎನ್ನಲಿಲ್ಲ.

ಹಳೆಯ ಎತ್ತರವನ್ನು ಸಲೀಸಾಗಿ ದಾಟಿದಳು. ಆ ಒಂದು ಗೇಣಿಗೆ ಕಂಬಿ ಏರಿಸಿದಾಗ ಹಳೆಯ ಕೋಲು ಅವಳ ಭಾರಕ್ಕೆ ಅತಿಯಾಗಿ ಬಗ್ಗಿ, ಎತ್ತುವ ಹೊತ್ತಿಗೆ ಸೋತಿತು. ಎರಡು ಸಲ ಎದೆ ತಾಗಿ ಕಂಬಿ ಬಿತ್ತು. ಉಳಿದದ್ದು ಒಂದೇ ಅವಕಾಶ. ಅವಳು ಬೆಂಚಿನ ಹತ್ತಿರ ಬಂದು ಗಾಯವಾದ ಕೋಲನ್ನು ಎತ್ತಿಕೊಂಡಳು. ಗಾಯದ ಮೇಲೆ ಹೆಬ್ಬೆರಳು ಓಡಿಸುತ್ತ ನನ್ನ ಕಡೆ ನೋಡಿದಳು. ನಾನು ಬೇಲಿಯ ಕಂಬಿಯನ್ನು ಹಿಡಿದಿದ್ದೆ. ತಲೆ ಅಲ್ಲಾಡಿಸಿದೆನೋ ಇಲ್ಲವೋ ನನಗೆ ನೆನಪಿಲ್ಲ. ಅವಳು ಅದನ್ನು ಕೆಳಗಿಟ್ಟಳು, ಮಲಗಿದ ಮಗುವನ್ನು ಇಡುವ ಹಾಗೆ. ಹಳೆಯದನ್ನೇ ಹಿಡಿದು ಓಡಿದಳು. ಕಂಬಿ ಮತ್ತೆ ಬಿತ್ತು.

ವಾಪಸು ಬರುವಾಗ ಅವಳು ಅಂದದ್ದು ಇಷ್ಟೆ: "ಅಮ್ಮ, ಆ ಕೋಲ್ ಇದ್ರೆ ಆತಿತ್ತ್."

ಬೇರೆ ಯಾರ ಕೈಗೂ ಸಿಗಬಾರದೆಂದು ಗಾಯವಾದ ಕೋಲನ್ನು ಗರಗಸದಿಂದ ತುಂಡು ಮಾಡಿದೆವು. ಅವಳು ಹಿಡಿದಳು, ನಾನು ಕೊಯ್ದೆ. ಸುದ್ದಿ ತಿಳಿದು ಸಂಘದವರೊಬ್ಬರು ಗೇಟಿನ ಹತ್ತಿರ ಬಂದು, "ಒಂದ್ ತುಂಡ್ ಇದ್ರೆ ಕೊಡಿ ಅಕ್ಕ, ನಮ್ ಬಾವುಟಕ್ಕೆ ಆತಿತ್ತ್" ಎಂದು ಕೇಳಿದರು. ತಮಾಷೆಯಲ್ಲ, ನಿಜಕ್ಕೂ ಕೇಳಿದರು. ಕೊಡಲಿಲ್ಲ.

ಕೋಚ್ ಈಗ ಇನ್ನೊಬ್ಬ ಹುಡುಗಿಯ ಕೋಲನ್ನು ಎರವಲು ಕೊಡಿಸಿದ್ದಾರೆ. ಮಗಳು ಮುಂದಿನ ಕೂಟಕ್ಕೆ ಓಟದ ಹೆಜ್ಜೆಯನ್ನೇ ಬದಲಿಸಿಕೊಳ್ಳುತ್ತಿದ್ದಾಳೆ. ಜಗಲಿಯ ಕುಣಿಕೆ ಬಿಚ್ಚಿ ನಮ್ಮ ಮಲಗುವ ಕೋಣೆಯಲ್ಲಿ ಕಟ್ಟಿದ್ದೇನೆ. ಕೋಲು ಕೋಣೆಗಿಂತ ಉದ್ದ. ತುದಿ ಕಿಟಕಿಯ ಸರಳಿನ ನಡುವಿನಿಂದ ಹೊರಗೆ ಚಾಚಿಕೊಂಡಿರುತ್ತದೆ. ನನ್ನ ಗಂಡ ದಿನಾ ಬೆಳಿಗ್ಗೆ ಏಳುವಾಗ ಅದರ ಕೆಳಗೆ ತಲೆ ತಗ್ಗಿಸಬೇಕು. ತಗ್ಗಿಸಲಿ.