ಬೋರಲು ಬಿದ್ದ ಬೆಂಚು

“ಮುನಿಯಮ್ಮಾ, ಏನ್ ಮಾಡ್ತಿದೀಯ? ಬೆಂಚು ಮುರಿಯುತ್ತೆ!” ಎಂದು ಕೂಗುತ್ತಲೇ ಗೇಟಿಗೆ ಓಡಿದೆ. ಅರವತ್ತರ ದಶಕದ ಜಯನಗರ. ಮಡಿವಾಳದಿಂದ ಸೊಪ್ಪು ಹೊತ್ತು ತರುತ್ತಿದ್ದ ಮುನಿಯಮ್ಮ ನಮ್ಮ ಮನೆ ಮುಂದಿನ ಮರದ ಬೆಂಚನ್ನು ಬೋರಲು ಹಾಕಿ, ಅದರ ಕಾಲುಗಳ ತಳಕ್ಕೆ ಹೊಂಗೆ ಎಣ್ಣೆ ತಿಕ್ಕುತ್ತಿದ್ದಳು. ಅದು ತನ್ನ ಮನೆಯಲ್ಲಿ ದೀಪಕ್ಕೆ ಇಟ್ಟುಕೊಂಡಿದ್ದ ಎಣ್ಣೆ ಎಂದು ಅವಳೇ ಹೇಳಿದಳು.

“ನೀವು ಮೇಲ್ಗಡೆ ಮಾತ್ರ ಹಚ್ತೀರಿ ಅಮ್ಮಾವ್ರೆ. ಮಳೆನೀರು ಹೀರೋದು ಕಾಲು. ದಿನಾ ನನ್ ಬುಟ್ಟಿ ಇಳಿಸ್ಕೊಳ್ಳೋ ಬೆಂಚು ಕೊಳೀತಾ ಇದ್ರೆ ಸುಮ್ನಿರಕಾಯ್ತದಾ?”

ಮುಟ್ಟಿ ನೋಡಿದೆ. ಒಂದು ಕಾಲು ಆಗಲೇ ಮೆತ್ತಗಾಗಿತ್ತು.

ಬೆಂಚು ಇಂದಿಗೂ ಗಟ್ಟಿಯಾಗಿದೆ. ಮಳೆಗಾಲಕ್ಕೆ ಮುಂಚೆ ಅದನ್ನು ಬೋರಲು ಹಾಕಿ ಎಣ್ಣೆ ತಿಕ್ಕುವಾಗಲೆಲ್ಲ ಮುನಿಯಮ್ಮನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಅವತ್ತು ಸಂಜೆ ಅವಳ ಮನೆಯ ದೀಪಕ್ಕೆ ಎಣ್ಣೆ ಉಳಿದಿತ್ತೇ ಎಂದು ಮಾತ್ರ ನಾನು ಕೇಳಲೇ ಇಲ್ಲ.